ಹೆಸರಿಗಷ್ಟೇ ಗಂಡ

ಬಸ್ ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯುವ ಹೆಂಗಸನ್ನು ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದರು. ಡಿಪೋದ ಹಿಂಭಾಗದ ತಗಡಿನ ಶೆಡ್ಡಿನಲ್ಲಿ ಅವಳ ಕೆಲಸ. ಯಾರೋ ಬ್ಲೇಡಿನಿಂದ ಕೊಯ್ದ ರೆಕ್ಸಿನ್ನು, ಒಳಗಿನಿಂದ ಇಣುಕುವ ಸ್ಪಂಜು, ಸಂದಿಯಲ್ಲಿ ಸಿಕ್ಕಿಕೊಂಡ ಬಾಚಣಿಗೆ, ಬಾಟಲಿ ಮುಚ್ಚಳ, ಒಮ್ಮೊಮ್ಮೆ ಒಂಟಿ ಕಿವಿಯೋಲೆ. ಬಾಗಿದ ಸೂಜಿ ಹಿಡಿದು ಅವಳು ಹೊಲಿದು ಮುಗಿಸಿದರೆ ಎಲ್ಲಿ ಹರಿದಿತ್ತು ಎಂದು ಹುಡುಕಬೇಕಿತ್ತು. ಆದರೆ ತನ್ನ ಬಾಯಿಗೆ ಅವಳು ಯಾವತ್ತೂ ಹೊಲಿಗೆ ಹಾಕಿಕೊಂಡವಳಲ್ಲ. ಬಂದ ಮಾತನ್ನು ಬಂದ ಹಾಗೆಯೇ ಆಡುವವಳು.

ಅವಳ ಮೊದಲ ಗಂಡ ತೀರಿಕೊಂಡಾಗ ಮಗಳು ಪುಟ್ಟಿ ಇನ್ನೂ ತೊಟ್ಟಿಲಲ್ಲಿದ್ದಳು. ಎರಡನೆಯವನು ವೆಲ್ಡರ್, ಬೇರೆ ದೇಶದಿಂದ ಬಂದವನು. ಇವಳನ್ನು ಮದುವೆಯಾದದ್ದರಿಂದ ಅವನಿಗೆ ಇಲ್ಲಿ ಇರಲು ಪರವಾನಗಿ ಸಿಕ್ಕಿತ್ತು. ಕಾಯಂ ಪರವಾನಗಿಗೆ ಹಾಕಿದ ಅರ್ಜಿ ಇತ್ಯರ್ಥವಾಗುವ ಮೊದಲೇ ಸಂಸಾರ ಮುರಿದುಬಿತ್ತು. ಹೋದ ವರ್ಷ ಕೋರ್ಟು ವಿಚ್ಛೇದನ ಕೊಟ್ಟಿತು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ವೆಲ್ಡರ್ ಬಂದು ಪುಟ್ಟಿಯನ್ನು ಕರೆದುಕೊಂಡು ಹೋಗುತ್ತಿದ್ದ. ಅವನು ಹೆತ್ತ ಅಪ್ಪನಲ್ಲ, ನಿಜ. ಆದರೆ ಪುಟ್ಟಿ ಕಂಡ ಅಪ್ಪ ಅವನೊಬ್ಬನೇ. ಅವರಿಬ್ಬರ ನಡುವೆ ಸೀಟಕ್ಕ ಕೂಡ ಬಾಯಿ ಹಾಕುತ್ತಿರಲಿಲ್ಲ.

ಒಂದು ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತ ಪುಟ್ಟಿ ಮಧ್ಯಾಹ್ನವಾದರೂ ಏಳಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್.

"ಅಮ್ಮಾ, ಅಪ್ಪನ ಹತ್ರ ಮತ್ತೆ ಜಗಳ ಆಡಿದ್ಯಾ?"

"ಇಲ್ಲ ಕಣೇ. ಜಗಳ ಆಡೋಕಾದ್ರೂ ಆ ಪುಣ್ಯಾತ್ಮ ಕೈಗೆ ಸಿಗಬೇಕಲ್ಲ!"

ಹಾಗೆ ಅಂದಳೇ ಹೊರತು ಅವಳಿಗೂ ಒಳಗೊಳಗೇ ದಿಗಿಲು. ಸೋಮವಾರ ಅರ್ಧ ದಿನ ರಜೆ ಹಾಕಿ, ಅವನು ಕಿಟಕಿ ಗ್ರಿಲ್ಲು ಬೆಸೆಯುತ್ತಿದ್ದ ವರ್ಕ್‌ಶಾಪಿಗೆ ಹೋದಳು. ಮಾಲೀಕ ಕೈಯೊರೆಸಿಕೊಳ್ಳುತ್ತಾ ಹೊರಗೆ ಬಂದ.

"ಅವನನ್ನ ಕೆಲಸದಿಂದ ಬಿಡಿಸಿ ಆಯ್ತಲ್ಲಮ್ಮ. ಪರವಾನಗಿ ಮುಗಿದವನನ್ನ ಇಟ್ಕೊಂಡ್ರೆ ನನ್ನ ಅಂಗಡಿಗೇ ಬೀಗ ಬೀಳುತ್ತೆ. ಅವನ ಕೇಸಲ್ಲಿ ಏನೋ ತೊಡಕಾಗಿದೆಯಂತೆ, ವಾಪಸ್ ಕಳಿಸ್ತಾರಂತೆ. ನಿಮಗೆ ಗೊತ್ತೇ ಇಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದ ನೇರವಾಗಿ ವಲಸೆ ಕಚೇರಿಗೆ ಹೋದಳು. ಗಾಜಿನ ಹಿಂದೆ ಕೂತಿದ್ದ ಗುಮಾಸ್ತೆ ವಿಷಯ ಕೇಳಿಸಿಕೊಂಡು, ತಲೆಯೆತ್ತದೆ ಕೇಳಿದಳು:

"ಅವರು ನಿಮಗೆ ಏನಾಗ್ಬೇಕು?"

ಸೀಟಕ್ಕ ತಡವರಿಸಿದಳು. ಅವನ ತಂಗಿಯನ್ನು ಅವಳು ಇವತ್ತಿಗೂ ನಾದಿನಿ ಎನ್ನುತ್ತಿದ್ದಳು. ನಾದಿನಿಯೂ ಇವಳನ್ನು ಅತ್ತಿಗೆ ಎನ್ನುತ್ತಿದ್ದಳು. ಎಲ್ಲ ಸಂಬಂಧಗಳೂ ಇದ್ದ ಜಾಗದಲ್ಲೇ ಇದ್ದವು. ಮಧ್ಯದ ಒಂದಕ್ಕೆ ಮಾತ್ರ ಕರೆಯಲು ಪದವಿರಲಿಲ್ಲ.

"ಗಂಡ… ಆಗಿದ್ದವರು."

"ಈಗ?"

"ಈಗ ಏನೂ ಅಲ್ಲ."

"ಏನೂ ಅಲ್ಲದವರಿಗೆ ನಾವು ಏನೂ ಹೇಳೋಹಾಗಿಲ್ಲಮ್ಮ. ಮುಂದಿನವರು ಬನ್ನಿ."

ಉಳಿದ ದಾರಿ ಒಂದೇ, ನಾದಿನಿಯ ಮನೆ. ನಾದಿನಿ ಅಣ್ಣನಿಗಿಂತ ಮೊದಲೇ ಈ ದೇಶಕ್ಕೆ ಬಂದು ನೆಲೆಸಿದವಳು, ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಮನೆಗೆ ತಂದು ಇಸ್ತ್ರಿ ಮಾಡುವವಳು. ಬಾಗಿಲು ತೆಗೆದು "ಬನ್ನಿ ಅತ್ತಿಗೆ" ಅಂದಳು, ಆದರೆ ಕೂತ್ಕೊಳ್ಳಿ ಅನ್ನಲಿಲ್ಲ. ತಿರುಗಿ ಮೇಜಿನ ಹತ್ತಿರ ಹೋಗಿ, ಮಡಿಸಿದ್ದ ಬಿಳಿ ಹೊದಿಕೆಯನ್ನೇ ಮತ್ತೆ ಬಿಡಿಸಿ ಇಸ್ತ್ರಿ ಹಾಕತೊಡಗಿದಳು.

"ನಿಮ್ಮಣ್ಣ ಎಲ್ಲಿ?"

"ಮಾಡೋದೆಲ್ಲ ಮಾಡಿ ಈಗ ವಿಚಾರಿಸ್ಕೊಳ್ಳೋಕೆ ಬಂದ್ರಾ?"

"ನಾನೇನು ಮಾಡ್ದೆ?"

ನಾದಿನಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. "ಕೋರ್ಟಲ್ಲಿ ಜಡ್ಜ್ ಮುಂದೆ ಏನಂದ್ರಿ? 'ಅವನು ಹೆಸರಿಗಷ್ಟೇ ಗಂಡ' ಅಂದ್ರಿ. ಆ ಮಾತೇ ಈಗ ವಲಸೆ ಕಚೇರಿಯವರ ಕೈಗೆ ಸಿಕ್ಕಿದೆ. ಕಟ್ಕೊಂಡವಳೇ ಹೇಳಿದಾಳಲ್ಲ, ಅಂದಮೇಲೆ ಇದು ಪರವಾನಗಿಗೋಸ್ಕರ ಮಾಡ್ಕೊಂಡ ಸುಳ್ಳು ಮದುವೆ ಅಂತಾರೆ. ಗುರುವಾರ ಕೊನೇ ವಿಚಾರಣೆ. ಆಮೇಲೆ ವಿಮಾನ ಹತ್ತಿಸಿಬಿಡ್ತಾರೆ."

ಸೀಟಕ್ಕ ಗೋಡೆಗೆ ಆತುಕೊಂಡಳು. "ಅಯ್ಯೋ, ಅದು ಸಿಟ್ಟಲ್ಲಿ ಅಂದದ್ದು ಕಣೇ! ಯಾವ ಹೆಂಡತಿ ಅನ್ನಲ್ಲ? ನಿನ್ನ ಗಂಡನಿಗೆ ನೀನು ಅನ್ನಲ್ವಾ?"

"ದಿನಾ ಅಂತೀನಿ. ಆದ್ರೆ ಯಾರೂ ಬರ್ಕೊಳ್ಳಲ್ಲ."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಅವಳ ಮುಂದೆ ಹೋಗಿ ಕೈಕಟ್ಟಿ ನಿಲ್ಲಲ್ಲ ಅಂತ ಅವನ ಹಟ. ನಾನೇನು ಮಾಡ್ಲಿ?"

ಒಳಕೋಣೆಯ ಪರದೆಯ ಹಿಂದೆ ಯಾರೋ ಕೆಮ್ಮಿದರು. ಆ ಕೆಮ್ಮು ಯಾರದೆಂದು ಸೀಟಕ್ಕನಿಗೆ ಗೊತ್ತಾಯಿತು, ಗೊತ್ತಾಯಿತೆಂದು ನಾದಿನಿಗೂ ಗೊತ್ತಾಯಿತು. ಇಬ್ಬರೂ ಪರದೆಯತ್ತ ನೋಡಿದರು. ಯಾರೂ ಹೊರಗೆ ಬರಲಿಲ್ಲ.

"ಸಾಕ್ಷಿ ಅಂತ ನನ್ನ ಹೆಸರು ಕೊಡು," ಎಂದು ಪರದೆಗೆ ಕೇಳುವಷ್ಟು ಜೋರಾಗಿ ಹೇಳಿ ಸೀಟಕ್ಕ ಹೊರಟು ಬಂದಳು.

ಮರುದಿನ ಡಿಪೋದಲ್ಲಿ ಟೈರಣ್ಣನಿಗೆ ಎಲ್ಲವನ್ನೂ ಹೇಳಿದಳು. ಟೈರಣ್ಣ ಪಂಕ್ಚರ್ ಹಾಕುವವನು, ಅವಳನ್ನು ಸ್ವಂತ ತಂಗಿಯಂತೆ ನೋಡಿಕೊಳ್ಳುವವನು. ಅವಳು ಮೆಚ್ಚುಗೆಯ ಮಾತನ್ನು ನಿರೀಕ್ಷಿಸಿದ್ದಳು. ಅವನು ಟೈರನ್ನು ಬಿಟ್ಟು ಎದ್ದು ನಿಂತ.

"ನಿನಗೆ ತಲೆ ನೆಟ್ಟಗಿದೆಯಾ? ಕೋರ್ಟಲ್ಲಿ ಪ್ರಮಾಣ ಮಾಡಿ ಒಂದು ಹೇಳಿದೀಯ. ಈಗ ಹೋಗಿ ಅದಕ್ಕೆ ತಿರುಗಾಮುರುಗಾ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನ್ನನ್ನೇ ಒಳಗೆ ಹಾಕ್ತಾರೆ. ಆಗ ಪುಟ್ಟಿಗೆ ಯಾರು?"

"ಹೋಗದೇ ಇದ್ರೆ ಅವಳ ಅಪ್ಪ ಹೋಗ್ತಾನೆ, ಅಣ್ಣಾ."

"ಅವನು ಹೋಗ್ಲಿ ಬಿಡು. ನೀನೇ ಬಿಟ್ಟವನಲ್ಲವಾ?"

"ನಾನು ಬಿಟ್ಟಿದೀನಿ. ಪುಟ್ಟಿ ಬಿಟ್ಟಿಲ್ಲ."

ಆ ದಿನ ಅವಳ ಸೂಜಿ ಬೆರಳಿಗೆ ಚುಚ್ಚುತ್ತಲೇ ಇತ್ತು. ಎರಡು ಸೀಟುಗಳನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದರೆ ತಾನು ಸಿಕ್ಕಿಹಾಕಿಕೊಳ್ಳುತ್ತಾಳೆ. ನಿಜ ಹೇಳಿದೆ ಎಂದರೆ ಅವನು ಸಿಕ್ಕಿಹಾಕಿಕೊಳ್ಳುತ್ತಾನೆ. ಈ ಎರಡರ ನಡುವೆ ಮೂರನೆಯ ಮಾತೊಂದು ಇರಲೇಬೇಕು ಎಂದು ಗುರುವಾರದವರೆಗೂ ಹುಡುಕಿದಳು. ಸಿಗಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಕಿಟಕಿಯನ್ನು ತೆರೆಯಲಾಗದಂತೆ ಮೊಳೆ ಹೊಡೆದಿದ್ದರು. ಮೇಜಿನ ಆಚೆ ಕಂಪ್ಯೂಟರಿನ ಮುಂದೆ ಅಧಿಕಾರಿ, ವಯಸ್ಸಿನಲ್ಲಿ ಸೀಟಕ್ಕನಿಗಿಂತ ಚಿಕ್ಕವಳು. ಈಚೆ ವೆಲ್ಡರ್. ಶೇವ್ ಮಾಡಿಕೊಂಡು, ತಂಗಿಯ ಕೈಯಲ್ಲಿ ಇಸ್ತ್ರಿಯಾದ ಅಂಗಿ ಹಾಕಿಕೊಂಡು, ತನ್ನ ಬೆರಳುಗಳನ್ನೇ ನೋಡುತ್ತಾ ಕೂತಿದ್ದ. ಸೀಟಕ್ಕನ ಕಡೆ ತಿರುಗಲಿಲ್ಲ.

"'ಹೆಸರಿಗಷ್ಟೇ ಗಂಡ.' ಇದು ನೀವು ಹೇಳಿದ ಮಾತೇ ಅಲ್ವಾ?" ಎಂದಳು ಅಧಿಕಾರಿ.

"ನಾನೇ ಹೇಳಿದ್ದು ಮೇಡಂ."

"ಅಂದ್ರೆ ಮದುವೆ ಹೆಸರಿಗಷ್ಟೇ ಇತ್ತು."

"ಇಲ್ಲ ಮೇಡಂ. ನಿಜವಾದ ಮದುವೆ."

"ಹಾಗಾದ್ರೆ ಕೋರ್ಟಲ್ಲಿ ಹೇಳಿದ್ದು ಸುಳ್ಳಾ? ಯೋಚನೆ ಮಾಡಿ ಉತ್ತರ ಕೊಡಿ."

ಟೈರಣ್ಣ ಎಚ್ಚರಿಸಿದ್ದ ಜಾಗಕ್ಕೇ ಬಂದು ನಿಂತಂತಾಯಿತು. ಅಧಿಕಾರಿಯ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು.

"ಸುಳ್ಳಲ್ಲ," ಅಂದಳು. ಆಮೇಲೆ ತಡೆಯಲಾಗಲಿಲ್ಲ. "ಮೇಡಂ, ಹೆಸರಿಗಷ್ಟೇ ಗಂಡ ಅಂತ ಗಂಡನಿಗಲ್ದೆ ಇನ್ಯಾರಿಗೆ ಅಂತಾರೆ? ದಾರೀಲಿ ಹೋಗೋನಿಗೆ ಅಂತಾರಾ? ಪರವಾನಗಿಗೋಸ್ಕರ ಕಟ್ಕೊಂಡಿದ್ರೆ, ಅವನು ಮನೆಗೆ ಬಂದ್ರೆಷ್ಟು ಬಿಟ್ರೆಷ್ಟು ಅಂತ ಹಾಯಾಗಿ ಇರ್ತಿದ್ದೆ. ಅಷ್ಟೊಂದು ಅಳ್ತಾ ಕೋರ್ಟಿಗೆ ಯಾಕೆ ಹೋಗ್ತಿದ್ದೆ?"

ಅಧಿಕಾರಿಯ ಮುಖ ಅಲುಗಲಿಲ್ಲ. "ನಿಮ್ಮ ದೂರು ಏನಿತ್ತು ಹೇಳಿ."

ಕೇಳಿದ್ದೇ ತಡ. "ಒಂದಾ ಎರಡಾ! ಗೋಡೆ ಜೊತೆ ಸಂಸಾರ ಮಾಡಿದ ಹಾಗೆ ಮೇಡಂ. ಕೇಳಿದ್ರೂ ಹೂಂ, ಬೈದ್ರೂ ಹೂಂ. ಬೀದಿಯವರ ಗೇಟೆಲ್ಲ ರಿಪೇರಿ ಮಾಡ್ಕೊಡ್ತಿದ್ದ, ನಮ್ಮನೆ ನಲ್ಲಿ ಸೋರ್ತಾನೇ ಇತ್ತು."

"ನಲ್ಲಿ ನಾನೇ ಸರಿ ಮಾಡಿದ್ದು," ಎಂದ ವೆಲ್ಡರ್. ಆ ಕೋಣೆಯಲ್ಲಿ ಅವನು ಆಡಿದ ಮೊದಲ ಮಾತು ಅದು.

"ಯಾವಾಗ? ನಾನು ಬಕೆಟ್ಟು ಎಸೆದ ಮೇಲೆ!"

"ಬಕೆಟ್ಟು ನನ್ನ ಕಾಲಿಗೆ ಬಿತ್ತು. ಕುಂಟ್ಕೊಂಡೇ ಸರಿ ಮಾಡ್ದೆ."

"ಪುಟ್ಟಿ ಶಾಲೇಲಿ ಬಿದ್ದು ಕೈ ಮುರ್ಕೊಂಡಾಗ? ಆಸ್ಪತ್ರೇಲಿ ನಾನೊಬ್ಬಳೇ ಮಗೂನ ಎತ್ಕೊಂಡು ಓಡಾಡಿದೆ. ಬಂದ್ಯಾ ನೀನು?"

"ಬಂದಿದ್ದೆ."

ಸೀಟಕ್ಕ ಅವನ ಕಡೆಗೆ ಪೂರ್ತಿ ತಿರುಗಿದಳು.

"ಬಂದಿದ್ದೆ ಕಣೇ. ಕೆಲಸದಿಂದ ಹಾಗೇ ಓಡಿ ಬಂದೆ. ಮೈಯೆಲ್ಲ ಮಸಿ, ಬೂಟೆಲ್ಲ ಗ್ರೀಸು, ಈ ಅವತಾರದಲ್ಲಿ ಒಳಗೆ ಬಿಡಲ್ಲ ಅಂದ್ರು. ಸೈಕಲ್ ನಿಲ್ಲಿಸೋ ಕಡೆ ಕಾಯ್ತಿದ್ದೆ. ನೀವು ಹೊರಗೆ ಬಂದಾಗ ಪುಟ್ಟಿ ಪಟ್ಟಿ ಕಟ್ಟಿದ ಕೈ ತೋರಿಸ್ಕೊಂಡು ನಗ್ತಿದ್ಲು. ನಗ್ತಿದಾಳಲ್ಲ ಅಂತ ವಾಪಸ್ ಕೆಲಸಕ್ಕೆ ಹೋದೆ."

"ಹೇಳೋಕೇನಾಗಿತ್ತು ನಿನಗೆ? ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಸಂಜೆ ಬಾಗಿಲು ತೆಗೆದವಳೇ ಹೆಸರಿಗಷ್ಟೇ ಗಂಡ ಅಂದೆ. ಆಮೇಲೆ ಹೇಳಿ ಏನು ಮಾಡ್ಲಿ?"

ನಂಬಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ. ಆದರೆ ಆ ದಿನ ಪುಟ್ಟಿ ನಕ್ಕದ್ದು ನಿಜ, ಮತ್ತು ಅದನ್ನು ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಕೀಲಿಗಳ ಸದ್ದು ನಿಂತದ್ದು ಆಗ ಅವಳ ಗಮನಕ್ಕೆ ಬಂತು.

"ಸಾಕು," ಎಂದಳು ಅಧಿಕಾರಿ. "ಇಬ್ಬರೂ ಹೊರಗೆ ಕೂತ್ಕೊಳ್ಳಿ."

ಹೊರಗಿನ ಬೆಂಚಿನಲ್ಲಿ ಇಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಸಹಾಯ ಮಾಡಲು ಬಂದು, ಅಧಿಕಾರಿಯ ಎದುರಲ್ಲೇ ಬೀದಿ ಜಗಳ ಆಡಿ ಎಲ್ಲ ಕೆಡಿಸಿಬಿಟ್ಟೆನೇ? ಪುಟ್ಟಿಗೆ ಏನೆಂದು ಹೇಳುವುದು? ಅವನನ್ನು ಕೇಳೋಣವೆಂದರೆ ಅವನು ಮತ್ತೆ ಗೋಡೆಯಾಗಿದ್ದ. ಆದರೆ ಈಗ ನೋಡಿದರೆ ಇಸ್ತ್ರಿಯಾದ ಅಂಗಿಯ ತುದಿಯನ್ನು ಅವನು ಮುದುರುತ್ತಲೇ ಇದ್ದ.

ಬಾಗಿಲು ತೆರೆಯಿತು. ಅಧಿಕಾರಿ ಹೊಸ್ತಿಲಲ್ಲೇ ನಿಂತು ಹೇಳಿದಳು. "ಸುಳ್ಳು ಮದುವೆ ಅನ್ನೋ ಆಕ್ಷೇಪಣೆ ಕೈಬಿಡ್ತಿದೀನಿ. ಮದುವೆ ನಿಜವಾಗಿದ್ರೆ ವಿಚ್ಛೇದನ ಆದ್ರೂ ಅರ್ಜಿ ಮುಂದಕ್ಕೆ ಹೋಗುತ್ತೆ, ಅಲ್ಲೀವರೆಗೆ ಇವರು ಇಲ್ಲೇ ಇದ್ದು ಕೆಲಸ ಮಾಡಬಹುದು." ಆಮೇಲೆ ಸ್ವಲ್ಪ ದನಿ ತಗ್ಗಿಸಿ ಸೇರಿಸಿದಳು. "ಸುಳ್ಳು ಗಂಡ ಹೆಂಡತೀರನ್ನ ನಾನು ದಿನಾ ನೋಡ್ತೀನಿ. ಅವರು ಬಹಳ ಪ್ರೀತಿಯಿಂದ ಮಾತಾಡ್ತಾರೆ."

ಇಬ್ಬರೂ ಮೆಟ್ಟಿಲಿಳಿದು ಬೀದಿಯ ಬಸ್ ನಿಲ್ದಾಣಕ್ಕೆ ಬಂದರು. ಅವಳು ಡಿಪೋಗೆ ಹೋಗಬೇಕಿತ್ತು, ಅವನು ವರ್ಕ್‌ಶಾಪಿನ ಮಾಲೀಕನನ್ನು ಕಾಣಬೇಕಿತ್ತು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಸೀಟಕ್ಕ ಅವನ ಕಡೆ ತಿರುಗಿದಳು.

"ಆಸ್ಪತ್ರೆ ವಿಷಯ ಪುಟ್ಟಿಗೆ ನಾನು ಹೇಳಲ್ಲ. ನೀನೇ ನಿನ್ನ ಬಾಯಿಂದ ಹೇಳ್ಬೇಕು."

"ಹೂಂ," ಎಂದ ಅವನು.

ಬಸ್ಸು ಬಂದು ನಿಂತರೂ ಅವಳು ಹತ್ತಲಿಲ್ಲ. ಕಂಡಕ್ಟರ್ ಗದರಿಸಿದರೂ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಅವನನ್ನೇ ನೋಡುತ್ತಾ ನಿಂತಳು.

"ಹೇಳ್ತೀನಿ," ಎಂದ ವೆಲ್ಡರ್. "ಭಾನುವಾರ ಬಂದು ಹೇಳ್ತೀನಿ."