ಮಿಣುಕುವ ಬ್ಯಾಟರಿ ದೀಪ ಮತ್ತು ನನ್ನ ಭಾವ ಕ್ಲೆಮ್

ನನ್ನ ಭಾವ ಕ್ಲೆಮ್ ಟ್ರೆಗೆಂಜಾನಂಥ ಹಟಮಾರಿಯನ್ನು ನಾನು ಬೇರೆ ಕಂಡಿಲ್ಲ. ಮರುಭೂಮಿಯಂಚಿನ ನಮ್ಮ ಮಾರೀ ಊರಿನ ಸುತ್ತಲಿನ ಮಣ್ಣುರಸ್ತೆಗಳನ್ನು ಗ್ರೇಡರಿನಲ್ಲಿ ಸಮ ಮಾಡುತ್ತಲೇ ಮುದುಕನಾದವನು. ಬೇರೆಯವರ ಗಾಡಿ ಮರಳಲ್ಲಿ ಹೂತುಕೊಂಡರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ತನ್ನದು ಹೂತುಕೊಂಡರೆ ಮಾತ್ರ ಯಾರನ್ನೂ ಕರೆಯದೆ ಇಡೀ ದಿನ ಒಬ್ಬನೇ ಸಲಿಕೆ ಹಿಡಿದು ತೋಡುತ್ತಿದ್ದ. "ಈ ಮನುಷ್ಯ ದೇವರೇ ಎದುರಿಗೆ ಬಂದ್ರೂ ಸಹಾಯ ಕೇಳಲ್ಲ ಕಣೇ, ನೀವ್ ಹೋಗಿ ಸ್ವಾಮಿ ಅಂತಾನೆ" ಎಂದು ನನ್ನಕ್ಕ ಎಲ್ವಾ ನಗುತ್ತಿದ್ದಳು. ಆಗಿನ್ನೂ ಅವಳಿಗೆ ನಗುವಷ್ಟು ಉಸಿರಿತ್ತು.

ಆ ಚಳಿಗಾಲದ ಬೆಳಿಗ್ಗೆ ಅವಳ ತುಟಿ ನೀಲಿಯಾಗಿತ್ತು. ಶ್ವಾಸಕೋಶ ಕೆಟ್ಟ ಮೇಲೆ ಆಕ್ಸಿಜನ್ ಯಂತ್ರದಿಂದಲೇ ಅವಳ ಬದುಕು. ದೂರದ ಊರುಗಳ ರೋಗಿಗಳಿಗಾಗಿ ಹಾರಿ ಬರುವ ಡಾಕ್ಟರ ವಿಮಾನಕ್ಕೆ ಹೇಳಿಕಳಿಸಿದರೆ, ಅದು ಬೇರೆ ರೋಗಿಯ ಬಳಿ ಹೋಗಿದೆ, ಮಧ್ಯಾಹ್ನ ಬರುತ್ತದೆ ಎಂದರು. ಕ್ಲೆಮ್ ಕಾಯುವವನೇ? "ಅಷ್ಟೊತ್ತಿಗೆ ಲೀ ಕ್ರೀಕ್ ಕ್ಲಿನಿಕ್‌ನಲ್ಲಿ ಇರ್ತೀವಿ" ಎಂದು ಅವಳನ್ನು ಎತ್ತಿ ತಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಯಂತ್ರದ ಸ್ವಂತ ಬ್ಯಾಟರಿ ಹಳತಾಗಿ ಹೆಚ್ಚು ಹೊತ್ತು ತಡೆಯುತ್ತಿರಲಿಲ್ಲ. ಹಾಗಾಗಿ ಅದರ ವೈರನ್ನು ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ನಾನೂ ಅವಳ ಪಕ್ಕ ಕೂತೆ.

ಅರ್ಧ ದಾರಿಯಲ್ಲಿ, ಕಾರಿನ ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲ ಎಂದು ಎಚ್ಚರಿಸುವ ಡ್ಯಾಶ್‌ಬೋರ್ಡಿನ ಪುಟ್ಟ ದೀಪ ಮಿಣುಕತೊಡಗಿತು. ಕೆಂಪಗೆ ಹತ್ತುವುದು, ಆರುವುದು.

"ಏನದು ಕ್ಲೆಮ್?"

"ಏನಿಲ್ಲ ಮಾರಾಯ್ತಿ. ಬೆಲ್ಟ್ ಜಾರ್ತಿರ್ಬೇಕು."

ಎಂಜಿನ್ ಆರಿಸದೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ. ಬೆಲ್ಟ್ ಗಟ್ಟಿಯಾಗಿಯೇ ಇತ್ತು. ಬ್ಯಾಟರಿಯ ತಂತಿಗಳನ್ನು ಒಂದೊಂದಾಗಿ ಅಲುಗಿಸಿದ. ದೀಪದ ಆಟ ನಿಲ್ಲಲಿಲ್ಲ. ಕೊನೆಗೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿಗೆ ಸ್ಪ್ಯಾನರಿನಿಂದ ಒಂದು ಏಟು ಕೊಟ್ಟ. ದೀಪ ತಟ್ಟನೆ ಆರಿತು. "ಆರಿತು!" ಎಂದು ಒಳಗಿಂದ ಕೂಗಿದೆ.

"ಸಿಕ್ತು! ಒಳಗೆ ಕರೆಂಟ್ ದಾಟಿಸೋ ಕಾರ್ಬನ್ ತುಂಡು ಸವೆದಿದೆ. ಬಡಿದ್ರೆ ತಾಗುತ್ತೆ, ಗಾಡಿ ಕುಲುಕಿದ್ರೆ ಬಿಡುತ್ತೆ."

ಅವನು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡಿದ್ದಾಗಲೇ ಹಿಂದಿನಿಂದ ಒಂದು ಜೀಪು ಬಂತು. ನಮ್ಮ ಕಡೆ ರಸ್ತೆಯಲ್ಲಿ ನಿಂತ ಗಾಡಿಯನ್ನು ಕಂಡು ಯಾರೂ ಸುಮ್ಮನೆ ಹೋಗುವುದಿಲ್ಲ. ವೇಗ ಇಳಿಸಿ ನೋಡುತ್ತಾರೆ. ನಿಂತವನು ಹೆಬ್ಬೆರಳು ಎತ್ತಿದರೆ ಎಲ್ಲ ಸರಿಯಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಜೀಪಿನವನು ನಿಧಾನಿಸಿ, "ಏನ್ ಗುರು, ಸಹಾಯ ಬೇಕಾ?" ಎಂದು ಕೂಗಿದ. ಕ್ಲೆಮ್ ತಲೆಯನ್ನೂ ಹೊರಗೆ ತೆಗೆಯದೆ ಹೆಬ್ಬೆರಳು ಎತ್ತಿದ.

ನಾನು ಬಾಗಿಲು ತೆಗೆದು ಕಿರುಚುತ್ತಾ ಓಡಿದೆ. ಧೂಳು ಬಿಟ್ಟು ಬೇರೇನೂ ಉಳಿದಿರಲಿಲ್ಲ.

"ಏನ್ ಮಾಡ್ದೆ ಮುದುಕ! ನಿನ್ ಹೆಂಡ್ತಿ ಉಸಿರಿಗೆ ಒದ್ದಾಡ್ತಿದ್ದಾಳೆ, ನಿಂಗೆ ಎಲ್ಲಾ ಸರೀನಾ?"

ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. "ಕೈ ತಾನೇ ಮೇಲೆ ಹೋಯ್ತು ನೆಲ್. ನಾ ಏನೂ ಯೋಚ್ನೇನೇ ಮಾಡ್ಲಿಲ್ಲ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಆ ಮಾತು ಕೇಳಿದ ಮೇಲೆ ಬಾರಿಸದೆ, ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ ಎತ್ತಿಕೊಂಡೆ.

ಕೂಗಿ ಕೂಗಿ ಸಾಕಾಯಿತು, ಬರೀ ಗೊರಗೊರ. ಇನ್ನೊಂದು ಗಾಡಿ ಯಾವಾಗ ಬಂದೀತೋ ಯಾರಿಗೆ ಗೊತ್ತು. ಅಷ್ಟರಲ್ಲಿ ದೀಪ ಮತ್ತೆ ಹತ್ತಿತು. ಕ್ಲೆಮ್ ಬಾನೆಟ್ಟಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ರಸ್ತೆ ಬದಿಗೆ ಎಸೆದ. ಮುಂದಿನ ಮಡ್‌ಗಾರ್ಡಿನ ಮೇಲೆ ಹತ್ತಿ, ಕಾಲನ್ನು ಗಾಡಿಯ ಮೂತಿಗಿದ್ದ ಕಬ್ಬಿಣದ ಸರಳಿಗೆ ಒತ್ತಿ ಕೂತ.

"ನೀ ಓಡ್ಸು. ದೀಪ ಹತ್ತಿದ್ರೆ ಹಾರ್ನ್ ಹೊಡಿ. ನಾ ಬಡೀತೀನಿ."

ಹಾಗೇ ಹೊರಟೆವು. ನಾನು ಹಾರ್ನ್ ಹೊಡೆಯುವುದು, ಅವನು ಬಡಿಯುವುದು, ದೀಪ ಆರುವುದು. ಗಾಳಿಗೂ ಧೂಳಿಗೂ ಅವನ ಕಣ್ಣು ಮುಚ್ಚಿಹೋಗಿತ್ತು. ಆರಿದ್ದು ಮತ್ತೆ ಹತ್ತುವ ಹೊತ್ತು ಕಡಿಮೆಯಾಗುತ್ತಾ ಬಂತು. ಒಂದು ಕಡೆ ಹಾರ್ನ್ ಹೊಡೆದೆ, ಬಡಿದ, ಆರಲಿಲ್ಲ. ಮತ್ತೆ ಹೊಡೆದೆ. ಅವನು ಹುಚ್ಚನಂತೆ ಬಡಿಯತೊಡಗಿದ. ಬೆರಳ ಗಂಟುಗಳಿಂದ ರಕ್ತ ಸುರಿಯುತ್ತಿತ್ತು, ಕೈ ತಿರುಗುವ ಫ್ಯಾನಿನ ಹತ್ತಿರ ಹತ್ತಿರ ಹೋಗುತ್ತಿತ್ತು. ದೀಪ ಈಗ ಮಿಣುಕುವುದನ್ನೂ ಬಿಟ್ಟು ಸುಮ್ಮನೆ ಕೆಂಪಗೆ ಉರಿಯುತ್ತಿತ್ತು.

ಡೀಸೆಲ್ ಎಂಜಿನ್ ಓಡುತ್ತಲೇ ಇತ್ತು, ಆದರೆ ಬ್ಯಾಟರಿ ಇಳಿದು ಹಿಂದೆ ಆಕ್ಸಿಜನ್ ಯಂತ್ರ ಕುಯ್ ಕುಯ್ ಎಂದು ಅತ್ತು ಸುಮ್ಮನಾಯಿತು. ನಾನು ಹಾರ್ನ್ ಮೇಲೆ ಕೈ ಇಟ್ಟೆ.

"ಬೇಡ..." ಎಂದಳು ಅಕ್ಕ. ಒಂದು ಮಾತಿಗೆ ಒಂದು ಉಸಿರು. "ಕೈ... ಕಳ್ಕೋತಾನೆ... ಸುಮ್ನೆ... ಓಡ್ಸು."

ಕೈ ತೆಗೆದೆ. ಹಾರ್ನ್ ಕೇಳಿಸದಿದ್ದಕ್ಕೆ ಕ್ಲೆಮ್ ಸ್ಪ್ಯಾನರ್ ಇಳಿಸಿದ. ಹಿಂದಕ್ಕೆ ತಿರುಗಿ, ಧೂಳು ಮೆತ್ತಿದ ಮುಖದಲ್ಲಿ ನಮ್ಮಿಬ್ಬರನ್ನೂ ನೋಡಿ ನಕ್ಕ. ನಾನು ಬಿಕ್ಕುತ್ತಾ ಗಾಡಿ ಓಡಿಸಿದೆ. ಅಂಥ ಉದ್ದದ ರಸ್ತೆಯನ್ನು ನನ್ನ ಶತ್ರುವೂ ಕಾಣದಿರಲಿ.

ಕ್ಲಿನಿಕ್ಕಿನವರು ಅಂಗಳಕ್ಕೇ ಓಡಿ ಬಂದರು. ತಮಗೆ ಸಾಧ್ಯವಿದ್ದದ್ದೆಲ್ಲ ಮಾಡಿದರು. ಅಕ್ಕ ಕಣ್ಣು ತೆರೆಯಲಿಲ್ಲ.

ನರ್ಸು ಕ್ಲೆಮ್‌ನ ಕೈಗೆ ಬಟ್ಟೆ ಸುತ್ತುತ್ತಿದ್ದಳು. ಅವನು ನನ್ನ ಕಡೆ ತಿರುಗಿದ.

"ಕೊನೇಗೆ ಹಾರ್ನ್ ಕೇಳ್ಲೇ ಇಲ್ಲ ನೆಲ್. ದೀಪ ಆರಿತ್ತಲ್ವಾ? ಯಂತ್ರ ನಡೀತಿತ್ತಲ್ವಾ?"

ಆ ಜೀಪಿನ ಧೂಳು ಇನ್ನೂ ನನ್ನ ಗಂಟಲಲ್ಲಿತ್ತು. ಬಾಯಿಗೆ ಬಂದದ್ದನ್ನು ನುಂಗಿದೆ.

"ಆರಿತ್ತು ಕ್ಲೆಮ್," ಎಂದೆ. "ಇಲ್ಲೀವರೆಗೂ ನಡೀತು."

ಅವನು ತಲೆಯಾಡಿಸಿದ. ಆಮೇಲೆ, ನನಗೆ ತಿಳಿದಂತೆ ಜೀವನದಲ್ಲಿ ಮೊದಲ ಸಲ, "ನೆಲ್, ಸ್ವಲ್ಪ ಹಿಡ್ಕೋ, ಎದ್ದು ನಿಲ್ಲೋಕಾಗ್ತಿಲ್ಲ" ಎಂದ.