ತಾನೇ ಓಡಿದ ಪ್ರಿಂಟರ್

ಜ್ವರ ಬಂದು ರಜೆ ಹಾಕಿದ ದಿನ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಪ್ರಿಂಟರ್ ತಾನಾಗಿಯೇ ಓಡತೊಡಗಿತು. ಕಂಪ್ಯೂಟರ್ ಮುಂದೆ ಯಾರೂ ಇರಲಿಲ್ಲ. ಗಂಡ ಮಾತ್ರೆ ತರಲು ಹೋಗಿದ್ದ. ಹೊರಬಂದ ಹಾಳೆ ಮರಾಠಿಯಲ್ಲಿದ್ದ ಕೋರ್ಟಿನ ಅರ್ಜಿ. ಎಲಾ ಇವನ, ನನ್ನ ಮನೆಯೊಳಗೆ ನನಗೇ ಗೊತ್ತಿಲ್ಲದ ಕಾರಭಾರ!

ನಾವಿದ್ದ ಮರಾಠಿ ಊರಿನ ಶಿವಾಜಿನಗರದ ಕ್ಲಾಸೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ನಾನು. ನಮ್ಮ ಕಟ್ಟಡಕ್ಕೆ ಆಗಷ್ಟೇ ಕೇಬಲ್ ಇಂಟರ್ನೆಟ್ ಬಂದಿತ್ತು. ಮೆಟ್ಟಿಲ ಕೆಳಗಿನ ಒಂದೇ ಡಬ್ಬಿಗೆ ಎಲ್ಲರ ಮನೆಯ ತಂತಿ. ಹುಡುಕಿ ನೋಡಿದರೆ ನಮ್ಮ ಪ್ರಿಂಟರನ್ನು ಆ ತಂತಿಯ ಮೂಲಕ ಹೊರಗಿನವರಿಗೆ ತೆರೆದಿಡಲಾಗಿತ್ತು. ಸರದಿಯಲ್ಲಿ ಕಾಯುತ್ತಿದ್ದ ಹಾಳೆಗಳ ಮುಂದೆ ಕೆಳಮನೆಯವಳ ಹೆಸರು. ಅವಳು ಕಲಬುರ್ಗಿ ಕಡೆಯವಳು. ಗೌಂಡಿ ಕೆಲಸದ ಗಂಡ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ವಕೀಲರೊಬ್ಬರು ಕೊಟ್ಟ ಹಳೇ ಕಂಪ್ಯೂಟರಿನಲ್ಲಿ ಅವಳು ಮಾಡುವ ಟೈಪಿಂಗ್‌ನಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು.

ಗೊತ್ತಿದ್ದೂ ಪ್ರಿಂಟರ್ ಹಂಚಿಕೆಯ ಸರ್ವಿಸನ್ನು ನಿಲ್ಲಿಸಿದೆ. ಮತ್ತೆ ಏಳದಂತೆ ಡಿಸೇಬಲ್ ಮಾಡಿದೆ. ಸರದಿಯಲ್ಲಿದ್ದದ್ದನ್ನೂ ಅಳಿಸಿದೆ. ಮೂರನೇ ಹಾಳೆ ಅರ್ಧಕ್ಕೆ ನಿಂತಿತು. ಜ್ವರದಲ್ಲೂ ಭಾರೀ ಖುಷಿಯಾಯಿತು.

ಐದು ನಿಮಿಷಕ್ಕೆ ಅವಳು ಮೇಲೆ ಬಂದು ಬಾಗಿಲು ಬಡಿದಳು. ನನ್ನನ್ನು ಕಂಡು ಅವಳ ಮುಖ ಇಳಿಯಿತು.

"ಅಕ್ಕಾರ, ಅಣ್ಣಾರು ಹೂಂ ಅಂದಿದ್ರರಿ. ಹಾಳಿ, ಶಾಯಿ ನಾನೇ ತರತೀನ್ರಿ. ಹನ್ನೊಂದಕ್ಕ ವಕೀಲರ ಕೈಯಾಗ ಕೊಡಬೇಕ್ರಿ, ಇಲ್ಲಂದ್ರ ಕೆಲಸ ಹೋಗ್ತದ್ರಿ."

"ಅಣ್ಣಾರು ಅಂದ್ರ ಮುಗೀತೇನು? ನಮ್ಮನಿ ಏನ್ ಧರ್ಮಛತ್ರ ಅಂತ ತಿಳದೀಯೇನು?"

ಅವಳು ಫ್ಲಾಪಿ ಚಾಚಿದಳು. "ಇದರಾಗ ಅದರೀ, ನೀವೇ ಹಾಕಿ ತಗದು ಕೊಡ್ರಿ, ಕಾಲ ಬೀಳ್ತೀನಿ."

"ಅದರಾಗ ಎಷ್ಟ ವೈರಸ್ ಅದಾವೋ ಏನೋ" ಅಂದು ಬಾಗಿಲು ಹಾಕಿದೆ. ಎರಡು ನಿಮಿಷದ ಕೆಲಸವಾಗಿತ್ತು. ಅವಳು ಮೆಟ್ಟಿಲಿಳಿಯುವ ಸದ್ದು ನಿಲ್ಲುವವರೆಗೂ ಬಾಗಿಲ ಹಿಂದೆಯೇ ನಿಂತಿದ್ದೆ.

ಹತ್ತೂವರೆಗೆ ಗಂಡ ಮಾತ್ರೆ ತಂದ. ವಿಷಯ ಕೇಳಿ ನೆಲದ ಮೇಲೆ ಕೂತುಬಿಟ್ಟ.

"ಹೊಟ್ಟಿ ಮ್ಯಾಲ ಹೊಡದಿ ಅಕೀಗೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಡತಿದ್ದೇನು?"

ಬಿಡುತ್ತಿರಲಿಲ್ಲ. ಈಗಲೂ ಪ್ರಿಂಟರ್ ಮುಟ್ಟಲು ಬಿಡಲಿಲ್ಲ. ಅವನು ಕೆಳಗಿಳಿದು ಅವಳ ಫ್ಲಾಪಿ ಇಸಿದುಕೊಂಡು ಪ್ರಿಂಟ್ ತೆಗೆಸಲು ಪೇಟೆಗೆ ಓಡಿದ. ವಕೀಲರ ಕೈ ಸೇರುವಾಗ ಹನ್ನೆರಡು ದಾಟಿತ್ತು. ಆ ಕೆಲಸ ಬೇರೆಯವರ ಪಾಲಾಯಿತು. ದೀಪಾವಳಿಗೆ ಮುಂಚೆಯೇ ಅವಳು ಹಾಸಿಗೆ ಹಿಡಿದಿದ್ದ ತನ್ನ ಗಂಡನನ್ನು ಟೆಂಪೋದಲ್ಲಿ ಹಾಕಿಕೊಂಡು ಊರಿಗೆ ಹೋದಳು. ನಾನು ಕೆಳಗಿಳಿಯಲಿಲ್ಲ.

ಆಮೇಲೆ ವರ್ಷಗಟ್ಟಲೆ ಕ್ಲಾಸಿನಲ್ಲಿ ಇದನ್ನೇ ಉದಾಹರಣೆಯಾಗಿ ಹೇಳಿದೆ. ಗೊತ್ತಿಲ್ಲದ ಸರ್ವಿಸ್ ಹೇಗೆ ಪತ್ತೆ ಹಚ್ಚಬೇಕು, ಹೇಗೆ ನಿಲ್ಲಿಸಬೇಕು ಅಂತ. ನನ್ನ ಜಾಣತನಕ್ಕೆ ಹುಡುಗಿಯರು ಕಣ್ಣರಳಿಸುತ್ತಿದ್ದರು. ಒಮ್ಮೆ ಒಬ್ಬಳು ಮರಾಠಿಯಲ್ಲಿ ಕೇಳಿದಳು, ಮೇಡಂ, ಆ ಕಡೆ ಯಾರಿದ್ದರು?

ಕಳ್ಳಿ ಒಬ್ಬಳು, ಅಂದೆ.