ರೈಟ್, ಹೋಲ್ಡಾನ್!

ಎರಡು ವರ್ಷ ನಾನು ವಿಜಯನಗರದ ನಮ್ಮ ಕ್ಲಬ್ಬಿನ ಪರವಾಗಿ ಟೆನಿಸ್ ಲೀಗ್ ಆಡಿದೆ. ಭಾನುವಾರ ಮ್ಯಾಚ್ ಇದ್ದರೆ ಶನಿವಾರದ ಊಟವೇ ಸೇರುತ್ತಿರಲಿಲ್ಲ. ಆದರೂ ಪಾಯಿಂಟ್ ಪಟ್ಟಿಯಲ್ಲಿ ಹೆಸರು ಮೇಲೇರುವುದನ್ನು ನೋಡುವ ಚಟ ಬಿಡಲಿಲ್ಲ.

ಅದನ್ನು ಬಿಡಿಸಿದ್ದು ಒಂದು ಚೆಂಡು. ಸೆಮಿಫೈನಲ್‌ನ ಕೊನೆಯ ಗೇಮ್. ನಮ್ಮ ಲೀಗಿನಲ್ಲಿ ಅಂಪೈರ್ ಇರುವುದಿಲ್ಲ, ನಮ್ಮ ಕಡೆ ಬಿದ್ದ ಚೆಂಡಿಗೆ ನಾವೇ ತೀರ್ಪು ಹೇಳಬೇಕು. ನನಗಿಂತ ಹತ್ತು ವರ್ಷ ದೊಡ್ಡವರಾದ ಎದುರಾಳಿ ಹೊಡೆದ ಚೆಂಡು ಗೆರೆಯ ಮೇಲೇ ಬಿತ್ತು. ಕಣ್ಣಾರೆ ಕಂಡೆ. ಬಾಯಿ ಮಾತ್ರ "ಔಟ್" ಎಂದುಬಿಟ್ಟಿತು. ಆಕೆ ಒಮ್ಮೆ ನನ್ನ ಮುಖ ನೋಡಿದರು, ಅಷ್ಟೆ. ಗೆದ್ದೆ. ಕೈ ಕುಲುಕುವಾಗ "ಚೆನ್ನಾಗಿ ಆಡಿದ್ರಿ" ಎಂದರು. ನಾನು ಸ್ಕೂಟರ್ ಹತ್ತಿರ ಹೋಗಿ ಅತ್ತುಬಿಟ್ಟೆ.

ಮರುದಿನ ಫೋನ್ ಮಾಡಿ ಅವರಿಗೆ ನಿಜ ಹೇಳಿದೆ.

"ನಂಗೊತ್ತಿತ್ತು ಕಣಮ್ಮ," ಎಂದು ನಕ್ಕರು. "ಬಸವೇಶ್ವರನಗರದಲ್ಲಿ ನಾವು ಮೂರು ಜನ ಸುಮ್ನೆ ಖುಷಿಗೆ ಆಡ್ತೀವಿ. ಡಬಲ್ಸ್‌ಗೆ ಒಬ್ರು ಕಮ್ಮಿ. ಬರ್ತೀಯಾ?"

ಕ್ಲಬ್ಬಿಗೂ ತಿಳಿಸಿ ಫೈನಲ್ ಅವರಿಗೇ ಬಿಟ್ಟುಕೊಟ್ಟೆ. ಅವರು ಹೋಗಿ, ಹೀನಾಯವಾಗಿ ಸೋತು, ನಗುನಗುತ್ತಾ ಬಂದರು.

ನಾನು ಲೀಗ್ ಬಿಟ್ಟು ಬಸವೇಶ್ವರನಗರಕ್ಕೆ ಹೋಗತೊಡಗಿದೆ. ಅಲ್ಲಿ ಅವರ ಜೊತೆ ಆಡುವ ಇನ್ನಿಬ್ಬರಲ್ಲಿ ಒಬ್ಬರು ಕುರುಬರಹಳ್ಳಿಯಲ್ಲಿ ಹಿಟ್ಟಿನ ಮಿಲ್ ನಡೆಸುವ ಅಕ್ಕ. ಮೂಟೆ ಎತ್ತಿ ಪಳಗಿದ ಆ ತೋಳಿಗೆ ಸಿಕ್ಕ ಚೆಂಡು ಬೇಲಿ ದಾಟಿ ಪಕ್ಕದ ಮನೆಯ ತಾರಸಿಯಲ್ಲೇ ಇಳಿಯುತ್ತದೆ. ಇನ್ನೊಬ್ಬರು ನಿವೃತ್ತ ಬಸ್ ಕಂಡಕ್ಟರ್. ಚೆಂಡು ಒಳಗೆ ಬಿದ್ದರೆ "ರೈಟ್ ರೈಟ್!" ಎನ್ನುತ್ತಾರೆ, ಹೊರಗೆ ಹೋದರೆ "ಹೋಲ್ಡಾನ್!" ಮೊದಲ ದಿನ ನಾನು ನಗು ತಡೆಯಲಾರದೆ ಸರ್ವ್ ಮಾಡುವುದನ್ನು ಬಿಟ್ಟು ಕೋರ್ಟಿನಲ್ಲೇ ಕೂತುಬಿಟ್ಟೆ. ಎದುರಿಗಿದ್ದ ಅಕ್ಕ ಬಂದು ಕೈಹಿಡಿದು ಎಬ್ಬಿಸಿ, "ಇನ್ನೊಂದ್ಸಲ ಹಾಕಮ್ಮ, ಇದು ಲೆಕ್ಕಕ್ಕಿಲ್ಲ" ಎಂದರು.

ಮೊನ್ನೆ ಆಟ ಮುಗಿಸಿ ನಾಲ್ವರೂ ದರ್ಶಿನಿಯಲ್ಲಿ ನಿಂತು ಖಾಲಿ ದೋಸೆ ತಿನ್ನುತ್ತಿದ್ದಾಗ ನನ್ನ ಹಳೆಯ ಟೀಮಿನ ಕ್ಯಾಪ್ಟನ್ ಫೋನ್ ಮಾಡಿದರು.

"ಮೇಡಂ, ಈ ಸಲ ಲೀಗ್‌ಗೆ ನೀವು ಬೇಕೇ ಬೇಕು."

"ಇಲ್ಲ ಸಾರ್, ಭಾನುವಾರ ನಂಗೆ ಆಟ ಇರುತ್ತೆ."

"ಹೌದಾ? ಯಾವ ಕ್ಲಬ್ಬಿಗೆ?"

"ಯಾವ ಕ್ಲಬ್ಬಿಗೂ ಅಲ್ಲ. ಫ್ರೆಂಡ್ಸ್ ಜೊತೆ."

"ಅಲ್ಲಿ ಏನ್ ಸಿಗುತ್ತೆ ಮೇಡಂ?" ಎಂದು ಅವರು ನಿಜವಾದ ಕಳಕಳಿಯಿಂದಲೇ ಕೇಳಿದರು. "ಹೊಟ್ಟೆ ತುಂಬಾ ಹಸಿವಾಗುತ್ತೆ ಸಾರ್" ಎಂದೆ.

ಫೋನ್ ಇಟ್ಟು ತಿರುಗಿದರೆ ನನ್ನ ತಟ್ಟೆ ಖಾಲಿ. ಮೂವರೂ ಬಾಯಿ ತುಂಬಿಕೊಂಡು ರಸ್ತೆಯ ಕಡೆ ನೋಡುತ್ತಿದ್ದರು.